ಓದುಗರ ಪ್ರಶ್ನೆ: ಉಪ್ಪಳದಲ್ಲಿ ಮನೆ, ಮಂಗಳೂರಿನಲ್ಲಿ ಕೆಲಸ

ಪ್ರಶ್ನೆ: ನಾನೂ ನನ್ನ ಪತ್ನಿಯೂ ಮಂಗಳೂರಿನಲ್ಲಿ ಉದ್ಯೋಗದಲ್ಲಿದ್ದು, 10 ವರ್ಷಗಳಿಂದ ಬಾಡಿಗೆ ಮನೆಯಲ್ಲಿದ್ದೇವೆ. ಮೂಲತಃ ಕೇರಳದ ಕಾಸರಗೋಡು ಜಿಲ್ಲೆಯ ಪೈವಳಿಕೆ ಕಡೆಯವರು. ನಗರದೊಳಗೆ ಜಾಗ ಕೊಳ್ಳುವ ಶಕ್ತಿ ನಮಗಿಲ್ಲ. ಅದೇ ಜಿಲ್ಲೆಯ ಉಪ್ಪಳ ರೈಲು ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರ 8 ಸೆಂಟ್ಸ್ ಜಾಗ ಮಾರಾಟಕ್ಕಿದೆ. ಅದೇ ಹಣಕ್ಕೆ ಬಾಯಾರು ರಸ್ತೆಯಲ್ಲಿ ಒಳಗೆ 25 ಸೆಂಟ್ಸ್ ಅಡಿಕೆ ತೋಟ ಸಿಗುತ್ತದೆ. ಯಾವುದು ಲೇಸು? ಎರಡನೇ ತರಗತಿಯಲ್ಲಿರುವ ಮಗಳನ್ನು ಮಂಗಳೂರಿನ ಶಾಲೆಯಲ್ಲೇ ಮುಂದುವರಿಸಬಹುದೇ?
— ಓದುಗರೊಬ್ಬರು, ಮಂಗಳೂರು

ಉತ್ತರ: 8 ಸೆಂಟ್ಸ್ ಜಾಗವನ್ನೇ ಕೊಳ್ಳಿರಿ ಎಂಬುದು ನನ್ನ ಅಭಿಪ್ರಾಯ. ತೋಟದ ಆಸೆ ತಪ್ಪೆಂದು ಹೇಳುತ್ತಿಲ್ಲ. ಆದರೆ ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟು ಸಂಜೆ ಏಳಕ್ಕೆ ಮರಳುವ ಇಬ್ಬರು ಅಡಿಕೆಗೆ ಮದ್ದು ಬಿಡಿಸುವುದು ಯಾವಾಗ, ನೀರು ಹಾಯಿಸುವುದು ಯಾವಾಗ ಎಂಬುದನ್ನು ಮೊದಲು ಯೋಚಿಸಬೇಕು.

ನಿಮ್ಮ ಪ್ರಯಾಣದ ಲೆಕ್ಕವನ್ನು ಕಿಲೋಮೀಟರಿನಲ್ಲಿ ಹಾಕಬೇಡಿ. ಹೆದ್ದಾರಿ 66 ಅಗಲವಾದ ಮೇಲೆ ಉಪ್ಪಳದಿಂದ ರಾಜ್ಯದ ಗಡಿಯಾದ ತಲಪಾಡಿಗೆ ತಲುಪುವುದು ಸಲೀಸು. ಸಮಯ ತಿನ್ನುವುದು ತೊಕ್ಕೊಟ್ಟಿನಿಂದ ಮುಂದೆ, ನೇತ್ರಾವತಿ ಸೇತುವೆ ದಾಟಿ ಪಂಪ್‌ವೆಲ್ ಸೇರುವವರೆಗೆ. ರೈಲಿಗೆ ಆ ತಾಪತ್ರಯವಿಲ್ಲ. ಸೀಸನ್ ಟಿಕೆಟ್ ಮಾಡಿಸಿಕೊಂಡರೆ ಖರ್ಚೂ ಬಸ್ಸಿಗಿಂತ ಬಹಳ ಕಡಿಮೆ. ಆದರೆ ಉಪ್ಪಳದಲ್ಲಿ ಎಲ್ಲ ಎಕ್ಸ್‌ಪ್ರೆಸ್ ಗಾಡಿಗಳೂ ನಿಲ್ಲುವುದಿಲ್ಲವಾದ ಕಾರಣ, ಬೆಳಗಿನ ಗಾಡಿಗಿಂತ ಮುಖ್ಯವಾಗಿ ನಿಮ್ಮಿಬ್ಬರ ಕೆಲಸ ಬಿಡುವ ಹೊತ್ತಿಗೆ ಮಂಗಳೂರು ಸೆಂಟ್ರಲ್ ನಿಲ್ದಾಣದಿಂದ ಹೊರಡುವ ಗಾಡಿ ಯಾವುದು, ಅದು ತಪ್ಪಿದರೆ ಮುಂದಿನದು ಯಾವುದು ಎಂದು ನೋಡಿಕೊಳ್ಳಿ. ನಿಲ್ದಾಣದ ಬಳಿ ಮನೆಯಿದ್ದರೆ ಗಾಡಿ ತಪ್ಪಿದ ದಿನ ಹೆದ್ದಾರಿಯ ಬಸ್ಸಾದರೂ ಇದೆ. ಬಾಯಾರು ದಾರಿಯ ಮನೆಗಾದರೆ ಉಪ್ಪಳದ ಕೈಕಂಬದಲ್ಲಿ ಇಳಿದ ಮೇಲೆ ಇನ್ನೊಂದು ಬಸ್ಸಿಗೆ ಕಾಯಬೇಕು. ಕತ್ತಲಾದ ಮೇಲೆ ಆ ಬಸ್ಸುಗಳ ಅಂತರ ಹೆಚ್ಚುತ್ತ ಹೋಗುತ್ತದೆ. ಜಾಗ ನೋಡುವವರೆಲ್ಲ ಭಾನುವಾರ ಬೆಳಿಗ್ಗೆ ಕಾರಿನಲ್ಲಿ ಹೋಗುವುದು ವಾಡಿಕೆ. ನೀವು ಮಳೆ ಸುರಿಯುವ ಆಟಿ ತಿಂಗಳಲ್ಲಿ, ಕೆಲಸವಿರುವ ಒಂದು ದಿನ, ಕೆಲಸ ಮುಗಿಸಿ, ಕೊಡೆ ಹಿಡಿದು, ಬಸ್ಸಿನಲ್ಲೇ ಹೋಗಿ ನೋಡಿ ಬನ್ನಿ.

ಇನ್ನು ತೋಟದ ವಿಷಯದಲ್ಲಿ ನನ್ನನ್ನು ಹೆಚ್ಚು ಹಿಂಜರಿಯುವಂತೆ ಮಾಡುವುದು ಅದರ ದಾಖಲೆ. ನಮ್ಮ ಕಡೆ ಅಡಿಕೆ ತೋಟಗಳಲ್ಲಿ ಹಲವು ಹಿಂದೆ ಬೈಲಿನ ಗದ್ದೆಗಳಾಗಿದ್ದವು. ಕಣ್ಣಿಗೆ ತೋಟವಾಗಿ ಕಂಡರೂ ಕಂದಾಯದ ಪುಸ್ತಕದಲ್ಲಿ ಅದು ಇಂದಿಗೂ ‘ನಂಜ’ ಅಥವಾ ‘ನಿಲಂ’, ಅಂದರೆ ಗದ್ದೆ, ಎಂದೇ ಇರಬಹುದು. ಹಾಗಿದ್ದಲ್ಲಿ ಭತ್ತದ ಗದ್ದೆ ಮತ್ತು ಜೌಗು ಭೂಮಿಯ ಸಂರಕ್ಷಣೆಗಾಗಿ ಕೇರಳ 2008ರಲ್ಲಿ ತಂದ ಕಾಯ್ದೆ ಅಡ್ಡ ಬಂದು, ಪಂಚಾಯತಿನಿಂದ ಮನೆ ಕಟ್ಟುವ ಪರವಾನಗಿ ಸಿಗುವುದು ಕಷ್ಟ. ಆದ್ದರಿಂದ ಮುಂಗಡ ಕೊಡುವ ಮೊದಲು ಎರಡು ಕಡೆ ವಿಚಾರಿಸಿ. ವಿಲ್ಲೇಜ್ ಆಫೀಸಿನಲ್ಲಿ ಆ ಸರ್ವೆ ನಂಬರಿನ ನೆಲ ಯಾವ ವರ್ಗದ್ದೆಂದು ಕೇಳಿ. ಕೃಷಿ ಭವನದಲ್ಲಿ ಅದು ಗದ್ದೆಗಳ ಡೇಟಾ ಬ್ಯಾಂಕಿನಲ್ಲಿ ಸೇರಿದೆಯೇ ಎಂದು ಕೇಳಿ. ಡೇಟಾ ಬ್ಯಾಂಕಿನಲ್ಲಿ ಇಲ್ಲದೆ, ಕಂದಾಯದ ಪುಸ್ತಕದಲ್ಲಿ ಮಾತ್ರ ಗದ್ದೆಯೆಂದಿದ್ದರೆ 2018ರ ತಿದ್ದುಪಡಿಯಂತೆ ಕಂದಾಯ ವಿಭಾಗಾಧಿಕಾರಿ (ಆರ್‌ಡಿಒ) ಅವರಿಗೆ ಅರ್ಜಿ ಕೊಟ್ಟು ಬದಲಾಯಿಸಿಕೊಳ್ಳುವ ದಾರಿಯಿದೆ. ಡೇಟಾ ಬ್ಯಾಂಕಿನಲ್ಲೇ ಇದ್ದರೆ ಆ ಜಾಗದ ಆಸೆ ಬಿಡುವುದು ಒಳ್ಳೆಯದು. ಮಾರುವವರು ‘ಅದೆಲ್ಲ ಆಮೇಲೆ ಸರಿಮಾಡಿಸಬಹುದು’ ಎಂದರೆ, ಸರಿಮಾಡಿಸಿಯೇ ಮಾರಲಿ ಎಂದು ಹೇಳಿ. ಉಪ್ಪಳದ 8 ಸೆಂಟ್ಸ್‌ಗೂ ಈ ವಿಚಾರಣೆ ತಪ್ಪಬಾರದು.

ಮಂಗಳೂರಿನ ಅಭ್ಯಾಸದಲ್ಲಿ ಆರ್‌ಟಿಸಿ (ಪಹಣಿ) ಕೇಳಿದರೆ ಇಲ್ಲಿ ಸಿಗದು. ಇಲ್ಲಿ ನೋಡಬೇಕಾದದ್ದು ಹಿಂದಿನ ಕ್ರಯಪತ್ರಗಳು, ತೀರ್ವೆ (ಭೂಕಂದಾಯ) ರಶೀದಿ, ಕೈವಶದ ಪ್ರಮಾಣಪತ್ರ ಮತ್ತು ಋಣಭಾರ ಪತ್ರ. ಮಲೆಯಾಳದಲ್ಲಿ ಕ್ರಯಪತ್ರಕ್ಕೂ ‘ಆಧಾರಂ’ ಎನ್ನುವುದರಿಂದ, ‘ಆಧಾರ ತನ್ನಿ’ ಎಂದಾಗ ಆಧಾರ್ ಕಾರ್ಡು ಹಿಡಿದುಕೊಂಡು ಹೋದವರನ್ನು ಕಂಡಿದ್ದೇನೆ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರುವ ಮೊದಲಿನ ಪತ್ರಗಳು ಹೆಚ್ಚಾಗಿ ಕನ್ನಡದಲ್ಲಿವೆ, ಈಚಿನವು ಮಲೆಯಾಳದಲ್ಲಿ. ಎರಡನ್ನೂ ಓದಬಲ್ಲ ವಕೀಲರೊಬ್ಬರಿಂದ ಪರಿಶೀಲಿಸಿಕೊಳ್ಳಿ. ಕಚೇರಿಗಳಿಗೆ ಅರ್ಜಿಯನ್ನು ನೀವು ಕನ್ನಡದಲ್ಲೇ ಬರೆಯಬಹುದು: ಕೇರಳದ 1969ರ ಆಡಳಿತ ಭಾಷಾ ಕಾಯ್ದೆ ಕನ್ನಡ, ತಮಿಳು ಅಲ್ಪಸಂಖ್ಯಾತರಿಗೆ ಆ ಹಕ್ಕನ್ನು ಕೊಟ್ಟಿದೆ. ಎದುರಿನ ಮೇಜಿನವರಿಗೆ ಕನ್ನಡ ಬಂದರೆ ನಿಮ್ಮ ಅದೃಷ್ಟ.

ಮಗಳ ವಿಷಯ. ಎರಡನೇ ತರಗತಿಯ ಮಗುವನ್ನು ದಿನವೂ ನೇತ್ರಾವತಿ ದಾಟಿಸುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಮಂಜೇಶ್ವರ ತಾಲೂಕಿನಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಬೇಕಾದಷ್ಟಿವೆ; ಹತ್ತನೆಯ ತರಗತಿಯವರೆಗೂ ಕನ್ನಡದಲ್ಲೇ ಓದಿ ಪರೀಕ್ಷೆ ಬರೆಯಬಹುದು. ಮಲೆಯಾಳ ಬರುವುದಿಲ್ಲವೆಂಬ ಹೆದರಿಕೆ ಬೇಡ, ಮನೆಯಂಗಳದಲ್ಲಿ ಆಡುವಾಗಲೇ ಅದು ಬಂದುಬಿಡುತ್ತದೆ. ಮುಂದೆ ಕರ್ನಾಟಕದ ವೃತ್ತಿಶಿಕ್ಷಣದ ಸೀಟು ತಪ್ಪಿಹೋಗುತ್ತದೆಂದು ಹಲವರು ಮಕ್ಕಳನ್ನು ತಲಪಾಡಿಯಾಚೆಗೆ ಕಳುಹಿಸುತ್ತಾರೆ. ಆದರೆ ಮಾತೃಭಾಷೆ ಕನ್ನಡ ಅಥವಾ ತುಳು ಆಗಿರುವ ಕಾಸರಗೋಡಿನ ವಿದ್ಯಾರ್ಥಿಗಳು ಗಡಿನಾಡ ಕನ್ನಡಿಗರೆಂಬ ನೆಲೆಯಲ್ಲಿ, ಕನ್ನಡ ಭಾಷಾ ಪರೀಕ್ಷೆ ಬರೆದು, ಕರ್ನಾಟಕದ ಸಿಇಟಿ ಸೀಟಿಗೆ ಅರ್ಹರಾಗುತ್ತಾರೆ. ಒಂದು ತೊಡಕನ್ನು ಮಾತ್ರ ತಿಳಿದಿರಿ: ಎರಡು ರಾಜ್ಯಗಳ ರಜೆಗಳು ಹೊಂದುವುದಿಲ್ಲ. ಮಗಳಿಗೆ ಓಣಂ ರಜೆ ಬಂದಾಗ ನಿಮಗೆ ಕೆಲಸ; ಮಂಗಳೂರು ದಸರೆಯ ಗುಂಗಿನಲ್ಲಿರುವಾಗ ಅವಳಿಗೆ ಪಾಠ. ಆ ದಿನಗಳಿಗೆ ಪೈವಳಿಕೆಯಲ್ಲಿ ಅಜ್ಜ ಅಜ್ಜಿ ಇದ್ದಾರೆಯೇ ಎಂಬುದನ್ನು ನೀವು ಬರೆದಿಲ್ಲ.

ಸಣ್ಣಪುಟ್ಟ ಸಂಗತಿಗಳಲ್ಲಿ, ಕರೆಂಟ್ ಬಿಲ್ಲು ಎರಡು ತಿಂಗಳಿಗೊಮ್ಮೆ ಬರುತ್ತದೆ. ಮಂಗಳೂರಿನ ಕೆಎ 19 ನೋಂದಣಿಯ ಗಾಡಿಯನ್ನು ಇಲ್ಲೇ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಕಾಸರಗೋಡಿನ ಕೆಎಲ್ 14ಕ್ಕೆ ಬದಲಿಸಿಕೊಳ್ಳಬೇಕಾಗುತ್ತದೆ.

ದೊಡ್ಡ ಸಂಗತಿಯೊಂದಿದೆ. 2020ರ ಮಾರ್ಚಿನಲ್ಲಿ ಕೋವಿಡ್ ಕಾರಣಕ್ಕೆ ಕರ್ನಾಟಕ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಈಚೆಯವರು ಕಂಗಾಲಾದರು. ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2021ರಲ್ಲಿ ಮತ್ತೆ ಪರೀಕ್ಷಾ ವರದಿಯಿಲ್ಲದೆ ದಾಟಬಾರದೆಂಬ ನಿಯಮ ಬಂತು. ಅಂತಹ ದಿನ ಪದೇ ಪದೇ ಬರುವುದಿಲ್ಲ. ಆದರೂ ನಿಮ್ಮಿಬ್ಬರ ಸಂಬಳವೂ ಗಡಿಯಾಚೆಯದೇ ಆಗಿರುವುದರಿಂದ, ಒಂದೆರಡು ತಿಂಗಳು ಮನೆಯಿಂದಲೇ ಕೆಲಸ ಮಾಡಲು ಕಚೇರಿ ಒಪ್ಪುತ್ತದೆಯೇ ಎಂದು ಈಗಲೇ ಕೇಳಿಟ್ಟುಕೊಳ್ಳಿ.

ಪ್ರಶ್ನೆ: ನಾವು ಕುಂಬಳೆಯವರು. ಮಗಳು ಮಂಗಳೂರಿನಲ್ಲಿ ಪದವಿ ಓದುತ್ತಿದ್ದಾಳೆ. ದಿನದ ಬಸ್ಸಿನ ಖರ್ಚು ಭಾರವಾಗುತ್ತಿದೆ. ಕರ್ನಾಟಕದ ಶಕ್ತಿ ಯೋಜನೆಯಲ್ಲಿ ಅವಳಿಗೆ ಉಚಿತ ಪ್ರಯಾಣ ಸಿಗುವುದೇ?
— ತಾಯಿಯೊಬ್ಬರು, ಕುಂಬಳೆ

ಉತ್ತರ: ಸಿಗುವುದಿಲ್ಲ. 2023ರ ಜೂನ್ 11ರಂದು ಆರಂಭವಾದ ಆ ಯೋಜನೆ ಕರ್ನಾಟಕದ ನಿವಾಸಿ ಮಹಿಳೆಯರಿಗಾಗಿ ಇರುವುದು. ಕಂಡಕ್ಟರ್ ಗುರುತಿನ ಚೀಟಿಯಲ್ಲಿರುವ ವಿಳಾಸ ನೋಡುತ್ತಾರೆ. ಆದರೆ ರೈಲ್ವೆಯಲ್ಲಿ, ಮನೆ ಮತ್ತು ಕಾಲೇಜಿನ ನಡುವಣ ಪ್ರಯಾಣಕ್ಕೆ, ಪದವಿಯವರೆಗೆ ಓದುವ ಹೆಣ್ಣುಮಕ್ಕಳಿಗೆ ಎರಡನೇ ದರ್ಜೆಯ ಉಚಿತ ಮಾಸಿಕ ಸೀಸನ್ ಟಿಕೆಟಿನ ಸೌಲಭ್ಯವಿದೆ. ಇದನ್ನು ಬಳಸಿಕೊಳ್ಳುವವರು ಕಡಿಮೆ. ಕಾಲೇಜಿನ ಕಚೇರಿಯಿಂದ ಪ್ರಾಂಶುಪಾಲರ ಸಹಿ, ಮೊಹರು ಇರುವ ಪ್ರಮಾಣಪತ್ರ ತೆಗೆದುಕೊಂಡು ಕುಂಬಳೆ ನಿಲ್ದಾಣದಲ್ಲಿ ವಿಚಾರಿಸಿ. ಕೌಂಟರಿನಲ್ಲಿ ಒಮ್ಮೆ ಇಲ್ಲವೆಂದರೆ ಸ್ಟೇಷನ್ ಮಾಸ್ಟರರನ್ನು ಕಾಣಲು ಹಿಂಜರಿಯಬೇಡಿ.