ಎಲೆಕ್ಟ್ರಾನ್ ಕೆಲಸವನ್ನೇ ಕೇಳಿ ತೆಗೆದುಕೋ

ತಂಗೀ, ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ ಭಾರದ ಕ್ವಾರ್ಕ್ ಎಂಬ ಮೂಲಕಣಗಳ ಮೇಲೆ ಪಿಎಚ್‌ಡಿ ಸಿಕ್ಕಿದೆ, ಹೊಸನಗರ ಬಿಡುವ ಮೊದಲು ಮನೆ, ಊಟ, ಚಳಿ ಹೇಗೆ, ಟಾಪ್ ಕ್ವಾರ್ಕ್ ಒಳ್ಳೆಯದೋ ಬಾಟಮ್ಮೋ ಎಂದು ಕೇಳಿದ್ದೀಯ.

ಮನೆಯನ್ನು ಗಡಿಯಾಚೆ ಫ್ರಾನ್ಸ್‌ನ ಕಡೆ ಹುಡುಕು, ಬಾಡಿಗೆ ಕಡಿಮೆ. ಅಕ್ಕಿ, ಬೇಳೆ ಸಿಗುತ್ತವೆ, ಕುಕ್ಕರ್ ತಾ. ಅಪ್ಪೆಮಿಡಿ ತರಬೇಡ ಎಂದರೆ ನೀನು ಕೇಳುವವಳಲ್ಲ, ಹಳೆಯ ಪಂಚೆಯಲ್ಲಿ ಎರಡು ಸುತ್ತು ಸುತ್ತು. ಚಳಿಯನ್ನು ಸ್ವೆಟರ್ ನೋಡಿಕೊಳ್ಳುತ್ತದೆ, ಕಷ್ಟ ಮೋಡದ್ದು. ನಾನು ಬಂದಿಳಿದ ನವೆಂಬರಿನಲ್ಲಿ ವಾರಗಟ್ಟಲೆ ಬಿಸಿಲು ಕಾಣಲಿಲ್ಲ. ಮಲೆನಾಡಿನವನಿಗೆ ಮೋಡ ಯಾವ ಲೆಕ್ಕ ಎಂದುಕೊಂಡಿದ್ದೆ. ನಮ್ಮ ಮೋಡ ಹೆಂಚಿನ ಮೇಲೆ ಗದ್ದಲ ಮಾಡಿ ಹೋಗುತ್ತದೆ, ಇಲ್ಲಿಯದು ಮಾತಿಲ್ಲದ ನೆಂಟನ ಹಾಗೆ ಬಂದು ಕೂತುಬಿಡುತ್ತದೆ.

ಇನ್ನು ಕ್ವಾರ್ಕ್. 1995ರಲ್ಲಿ ಅಮೆರಿಕದ ಫರ್ಮಿಲ್ಯಾಬ್‌ನಲ್ಲಿ ಸಿಕ್ಕ ಟಾಪ್, ಹೆಚ್ಚುಕಡಿಮೆ ಒಂದು ಟಂಗ್‌ಸ್ಟನ್ ಪರಮಾಣುವಿನಷ್ಟು ಭಾರ. ಬೇರೆ ಕ್ವಾರ್ಕ್‌ನೊಡನೆ ಸೇರಿಕೊಳ್ಳುವ ಮೊದಲೇ ಒಡೆದುಹೋಗುತ್ತದೆ. ಅದರ ಬಗ್ಗೆ ಅಟ್ಲಾಸ್, ಸಿಎಂಎಸ್ ಪ್ರಯೋಗದವರನ್ನೇ ಕೇಳು. ನಾನು ಬಾಟಮ್ ನೋಡುವ ಎಲ್‌ಎಚ್‌ಸಿಬಿ ಪ್ರಯೋಗದವನು, ಪಕ್ಷಪಾತಿ. ಬಾಟಮ್ ಇರುವ ಬಿ ಮೇಸಾನ್ ಎಂಬ ಕಣ ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದೂವರೆ ಭಾಗದಷ್ಟು ಬದುಕುತ್ತದೆ. ಆದರೆ ಬೆಳಕಿನ ವೇಗದ ಹತ್ತಿರ ಓಡುವಾಗ ಅದರ ಗಡಿಯಾರ ನಮ್ಮ ಲೆಕ್ಕದಲ್ಲಿ ನಿಧಾನವಾಗುತ್ತದೆ, ಹಾಗಾಗಿ ಒಡೆಯುವ ಮೊದಲು ಸುಮಾರು ಒಂದು ಸೆಂಟಿಮೀಟರ್ ಓಡಿರುತ್ತದೆ. ಪ್ರೋಟಾನ್‌ಗಳು ಡಿಕ್ಕಿಯಾದದ್ದು ಇಲ್ಲಿ, ಮೇಸಾನ್ ಒಡೆದದ್ದು ಅಗೋ ಅಲ್ಲಿ ಎಂದು ತೋರಿಸಬಹುದು. ಅದನ್ನು ಹಿಡಿಯಲು ಸಿಲಿಕಾನ್ ಪತ್ತೆಕಾರಕವನ್ನು ಪ್ರೋಟಾನ್ ಕಿರಣಕ್ಕೆ ಐದು ಮಿಲಿಮೀಟರಿನಷ್ಟು ಹತ್ತಿರ ತಂದು ನಿಲ್ಲಿಸುತ್ತೇವೆ. ಮೊದಲ ಸಲ ನೋಡಿದಾಗ ಎದೆ ಝಲ್ಲೆನ್ನುತ್ತದೆ.

ನಿನಗೆ ಮುಖ್ಯವಾಗಿ ಹೇಳಬೇಕಾದದ್ದು ಬೇರೆ. ಬಿ ಮೇಸಾನ್ ಅಪರೂಪಕ್ಕೆ ಕೇಯಾನ್ ಎಂಬ ಹಗುರ ಮೇಸಾನ್ ಮತ್ತು ಎರಡು ಮ್ಯೂಯಾನ್‌ಗಳಾಗಿ (ಎಲೆಕ್ಟ್ರಾನಿನ ಭಾರದ ಅಣ್ಣ ಎನ್ನು), ಇಲ್ಲವೇ ಕೇಯಾನ್ ಮತ್ತು ಎರಡು ಎಲೆಕ್ಟ್ರಾನ್‌ಗಳಾಗಿ ಒಡೆಯುತ್ತದೆ. ಸಿದ್ಧಾಂತದ ಪ್ರಕಾರ ಎರಡೂ ಸರಿಸಮ ಆಗಬೇಕು. 2021ರ ಮಾರ್ಚ್‌ನಲ್ಲಿ ನಮ್ಮ ಪ್ರಯೋಗ, ಎಲೆಕ್ಟ್ರಾನಿನದು 100 ಇದ್ದರೆ ಮ್ಯೂಯಾನಿನದು ಸುಮಾರು 85 ಎಂದಿತು. ಇದು ಆಕಸ್ಮಿಕವಲ್ಲ ಎನ್ನುವ ಭರವಸೆಯ ಅಳತೆ 3.1 ಸಿಗ್ಮಾ. ಶೋಧ ಎನ್ನಲು 5 ಬೇಕು, ಆದರೂ ಜಗತ್ತಿನ ಪತ್ರಿಕೆಗಳೆಲ್ಲ ಹೊಸ ಭೌತವಿಜ್ಞಾನ ಎಂದು ಬರೆದವು. ನನ್ನ ಅಪ್ಪ ಆ ಸುದ್ದಿಯನ್ನು ಕತ್ತರಿಸಿ ಅಡಿಕೆ ಮಂಡಿಯ ಲೆಕ್ಕದ ಪುಸ್ತಕದಲ್ಲಿ ಇಟ್ಟುಕೊಂಡಿದ್ದರು. 2022ರ ಡಿಸೆಂಬರಿನಲ್ಲಿ ಇನ್ನೂ ಬಿಗಿಯಾಗಿ ಲೆಕ್ಕ ಹಾಕಿದಾಗ ವ್ಯತ್ಯಾಸ ಮಾಯವಾಯಿತು. ಎಲೆಕ್ಟ್ರಾನ್ ಎಂದು ಎಣಿಸಿದವುಗಳಲ್ಲಿ ಕೆಲವು ಬೇರೆ ಕಣಗಳಾಗಿದ್ದವು.

ಆ ಎರಡು ದಿನಾಂಕಗಳ ನಡುವೆ ಅಪ್ಪ ತೀರಿಕೊಂಡರು. ಮಗನ ಗುಂಪು ಏನೋ ಕಂಡುಹಿಡಿದಿದೆ ಎಂದೇ ನಂಬಿದ್ದರು. ಇಲ್ಲ ಎಂದು ಕಂಡುಹಿಡಿದದ್ದೇ ದೊಡ್ಡ ಕೆಲಸ ಎಂದು ಅವರ ಎದುರು ಜಗಲಿಯಲ್ಲಿ ಕೂತು ಹೇಳಬೇಕಿತ್ತು. ಒಳ್ಳೆಯ ಬೆಟ್ಟೆ ಅಡಿಕೆಯೊಳಗೆ ಕಳಪೆ ಗೊರಬಲು ಸೇರಿದ್ದನ್ನು ಕೈಯಾಡಿಸಿಯೇ ಹೇಳುತ್ತಿದ್ದ ಮನುಷ್ಯ, ನನ್ನ ಮೇಲಧಿಕಾರಿಗಳಿಗಿಂತ ಬೇಗ ಅರ್ಥಮಾಡಿಕೊಳ್ಳುತ್ತಿದ್ದರು. ನಿನ್ನ ಅಪ್ಪ ಅಮ್ಮನಿಗೆ ಈಗಲೇ ಹೇಳಿಟ್ಟು ಬಾ, ಫೋನಿನಲ್ಲಿ ಆಗುವ ಮಾತಲ್ಲ.

ಮೊದಲ ವರ್ಷ ಕೆಲಸ ಹಂಚುವಾಗ ಎಲ್ಲರೂ ಮ್ಯೂಯಾನಿಗೆ ಕೈ ಎತ್ತುತ್ತಾರೆ, ಅದು ಅಚ್ಚುಕಟ್ಟಾದ ಕಣ. ಎಲೆಕ್ಟ್ರಾನ್ ದಾರಿಯಲ್ಲೇ ಬೆಳಕು ಚೆಲ್ಲುತ್ತ ಶಕ್ತಿ ಕಳೆದುಕೊಳ್ಳುತ್ತದೆ, ಹಾಗಾಗಿ ಗುರುತು ಹಿಡಿಯುವುದು ತಲೆನೋವು. ನೀನು ಅದನ್ನೇ ಕೇಳು. ಫ್ರೆಂಚ್ ಸ್ವಲ್ಪ ಕಲಿತಿರು, ವೈದ್ಯರಿಗೆ ಹೊಟ್ಟೆನೋವು ಎನ್ನುವಷ್ಟಾದರೂ.