ತೋಕ್ ಪೂ ಬಳ್ಳಿ ಒಣಗಿತೆಂದು ಕೀಳಬೇಡಿ

ಪ್ರಶ್ನೆ: ಕಳೆದ ವರ್ಷ ತೋಟದ ಬೇಲಿಯಿಂದ ತೋಕ್ ಪೂ (ಕೋವಿ ಹೂ) ಗಡ್ಡೆ ತಂದು ಅಂಗಳದಲ್ಲಿ ನೆಟ್ಟೆ. ಸೆಪ್ಟೆಂಬರ್ 3ರಂದು ಕೊಡಗಿನ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್‌ಗೆ ಕೋವಿಗೆ ಇಡಲು ಮನೆಯದ್ದೇ ಹೂ ಸಿಕ್ಕಿತು. ಆದರೆ ಡಿಸೆಂಬರಿನಲ್ಲಿ ಬಳ್ಳಿ ಪೂರ್ತಿ ಒಣಗಿತು. ದಿನಾ ನೀರು ಹಾಕಿದರೂ ಚಿಗುರೇ ಇಲ್ಲ. ಕಿತ್ತು ಬಿಸಾಡಲಾ?
– ಓದುಗರೊಬ್ಬರು, ನಾಪೋಕ್ಲು

ಉತ್ತರ: ಮೊದಲು ನೀರು ಹಾಕುವುದು ನಿಲ್ಲಿಸಿ! ಬಳ್ಳಿ ಒಣಗಿದೆ ಅಷ್ಟೇ, ಗಡ್ಡೆ ಮಣ್ಣೊಳಗೆ ಮಲಗಿದೆ. ಬೇರೆ ಕಡೆಯವರು ಗೌರಿ ಹೂ ಅನ್ನುವುದೂ ಇದನ್ನೇ. ಮಳೆಯಲ್ಲಿ ಬೆಳೆದು, ಮಳೆ ಇಳಿಯುವಾಗ ಹೂ ಬಿಟ್ಟು, ಬೇಸಿಗೆಯಲ್ಲಿ ಮಾಯವಾಗುವುದೇ ಇದರ ಸ್ವಭಾವ. ಈಗ ನೀರು ಹಾಕಿದರೆ ಸುಮ್ನೆ ಕೊಳೆಯುತ್ತದೆ. ನಾನೂ ಒಮ್ಮೆ ಅಂಗಳದ ತಗ್ಗಿನಲ್ಲಿ ನೆಟ್ಟು, ಜುಲೈ ಮಳೆಗೆ ನೀರು ನಿಂತು, ಕೊನೆಗೆ ಅಗೆದು ನೋಡಿದರೆ ಕೈಗೆ ಬಂದದ್ದು ಬರೀ ಲೋಳೆ.

ಇಳಿಜಾರು ಜಾಗ, ಬೆಳಗಿನ ಬಿಸಿಲು, ಪಕ್ಕದಲ್ಲಿ ದಾಸವಾಳದ ಬೇಲಿ ಇದ್ದರೆ ಸಾಕು. ಎಲೆಯ ತುದಿ ನೋಡಿದ್ದೀರಲ್ವಾ? ದಾರದಷ್ಟು ಸಣ್ಣಗಾಗಿ, ಸಿಕ್ಕಿದ ಕಡ್ಡಿಗೆ ಸುತ್ತಿಕೊಂಡು ಬಳ್ಳಿಯನ್ನು ಮೇಲೆ ಎಳೆದುಕೊಳ್ಳುತ್ತದೆ. ದಪ್ಪ ಗೂಟ ಕೊಟ್ಟರೆ ಅದಕ್ಕೆ ಹಿಡಿತ ಸಿಗುವುದಿಲ್ಲ.

ಗಡ್ಡೆ ಎರಡು ಕವಲಾಗಿ ಇರುತ್ತದೆ, ಮೊಳಕೆ ಬರುವುದು ಕವಲಿನ ತುದಿಯಿಂದ. ಅದು ಮುರಿದರೆ ಆ ಕವಲು ಹೋದ ಹಾಗೇ. ಹೊಸದಾಗಿ ನೆಡುವುದಾದರೆ ಅಡ್ಡ ಮಲಗಿಸಿ ಮೂರು ಬೆರಳಷ್ಟು ಮಣ್ಣು ಮುಚ್ಚಿ. ಕಾಡಿನಿಂದ ಮಾತ್ರ ಅಗೆದು ತರಬೇಡಿ, ಔಷಧಿಗೆಂದು ಕಿತ್ತವರೇ ಜಾಸ್ತಿ ಆಗಿದ್ದಾರೆ. ಬೀಜದಿಂದಲೂ ಬರುತ್ತದೆ, ಹೂವಿಗೆ ಮೂರು ನಾಲ್ಕು ವರ್ಷ ಕಾಯಬೇಕು.

ಇನ್ನೊಂದು ಮಾತು, ನೀವು ಕೇಳದಿದ್ದರೂ ಹೇಳಲೇಬೇಕು. ಗಿಡದ ಎಲ್ಲ ಭಾಗವೂ ವಿಷ, ಗಡ್ಡೆಯಲ್ಲಂತೂ ಜಾಸ್ತಿ. ಅದರಲ್ಲಿರುವ ಕಾಲ್ಚಿಸಿನ್ ಜೀವ ತೆಗೆಯಬಲ್ಲದು. ಗೆಣಸು ಅಂದುಕೊಂಡು ತಿಂದು ಸತ್ತವರಿದ್ದಾರೆ. ಹಾಗಾಗಿ ಗೆಣಸು, ಕೆಸ ಬೆಳೆಯುವ ಕಡೆ ಇದನ್ನು ನೆಡಬೇಡಿ, ಗ್ಲೌಸ್ ಹಾಕಿಯೇ ಮುಟ್ಟಿ, ಹಬ್ಬದ ದಿನ ಹೂ ಕಿತ್ತ ಕೈ ತೊಳೆಯದೆ ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಹಿಡಿಯಬೇಡಿ.

ಈಗ ಆ ಜಾಗಕ್ಕೆ ಒಂದು ಕಲ್ಲಿಟ್ಟು ಗುರುತು ಮಾಡಿ, ಕಳೆ ಮೆಷಿನ್ ಹಿಡಿಯುವವರಿಗೂ ಹೇಳಿಡಿ, ಇಲ್ಲದಿದ್ದರೆ ಎಳೆ ಚಿಗುರು ಮೊದಲ ದಿನವೇ ಹಾರಿಹೋಗುತ್ತದೆ. ಕಾಫಿಗೆ ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬಿದ್ದ ಮೇಲೆ ದಿನಾ ಒಂದು ಕಣ್ಣಿಡಿ. ಮೇ ಮುಗಿದರೂ ಏನೂ ಕಾಣದಿದ್ದರೆ ಮೆಲ್ಲಗೆ ಮಣ್ಣು ಸರಿಸಿ ನೋಡಿ. ಗಡ್ಡೆ ಗಟ್ಟಿ ಇದ್ದರೆ ಮತ್ತೆ ಮುಚ್ಚಿಬಿಡಿ.