ಗದ್ದೆಬಯಲಲ್ಲಿ ಸಂಗೀತೋತ್ಸವ: ಮೊದಲು ಸದ್ದಿನ ಲೆಕ್ಕ, ಆಮೇಲೆ ವೇದಿಕೆ

ನಮಸ್ಕಾರ. ಸಿದ್ದಾಪುರದ ಕಡೆ ನಿಮ್ಮೂರಲ್ಲಿ ಕೊಯ್ಲಾದ ಗದ್ದೆಯಲ್ಲಿ ಹಿಂದೂಸ್ತಾನಿ ಸಂಗೀತೋತ್ಸವ ಮಾಡಬೇಕು, ಸುಮಾರು 400 ಜನ ಬರಬಹುದು ಅಂತ ಬರೆದಿದ್ದೀರಿ. ಅಹೋರಾತ್ರಿ ಮಾಡಬಹುದಾ, 40 ಅಡಿ ಸ್ಟೇಜ್ ಬೇಕಾ, 62 ಕೆವಿಎ ಜನರೇಟರ್ ತರಿಸಬೇಕಾ ಅಂತ ಕೇಳಿದ್ದೀರಿ. ನಮ್ಮ ಕಡೆಯ ಕಾರ್ಯಕ್ರಮಗಳಲ್ಲಿ ವೇದಿಕೆ ಹಿಂದಿನ ಕೆಲಸವನ್ನೇ ನಾನು ನೋಡಿಕೊಳ್ಳುವುದು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಪೇಟೆಯ ಸಭಾಂಗಣಕ್ಕೆ ಇಲ್ಲದ ಒಂದು ವಿಷಯ ನಿಮಗೆ ಪುಕ್ಕಟೆ ಸಿಕ್ಕಿದೆ. ಅದು ನಿಮ್ಮೂರಿನ ನಿಶ್ಶಬ್ದ. ತಂಬೂರಿ ಎರಡು ಮೀಟಿದರೆ ಕೊನೆಯ ಸಾಲಿನವರಿಗೂ ಕೇಳುವಂಥ ಜಾಗ ಅದು. ಅದನ್ನು ಕಾಪಾಡಿಕೊಳ್ಳುವ ಹಾಗೆ ಎಲ್ಲವನ್ನೂ ಜೋಡಿಸಿ. ದುಡ್ಡೂ ಕಡಿಮೆಯಾಗುತ್ತದೆ, ಸಂಗೀತವೂ ಚೆನ್ನಾಗಿ ಕೇಳುತ್ತದೆ.

ಮೊದಲು ಅಹೋರಾತ್ರಿಯ ವಿಷಯ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಸಾಂಸ್ಕೃತಿಕ, ಧಾರ್ಮಿಕ ಉತ್ಸವಗಳಿಗೆ ರಾಜ್ಯ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು. ಅದನ್ನು ನಂಬಿಕೊಂಡು ಕಲಾವಿದರನ್ನು ಕರೆಯಬೇಡಿ. ನನ್ನ ಸಲಹೆ ಬೇರೆ. ಮಧ್ಯಾಹ್ನ 3ಕ್ಕೇ ಶುರು ಮಾಡಿ. ಭೀಮಪಲಾಸ, ಮುಲ್ತಾನಿಯಂಥ ಮಧ್ಯಾಹ್ನದ ರಾಗ ಕೇಳುವ ಅವಕಾಶ ನಮ್ಮ ಊರುಗಳಲ್ಲಿ ಸಿಗುವುದೇ ಅಪರೂಪ. ಯಾಕೆಂದರೆ ಎಲ್ಲ ಕಛೇರಿಗಳೂ ಸಂಜೆ 6ರ ಮೇಲೆಯೇ. ಹೊತ್ತು ಮುಳುಗುವಾಗ ಮಾರವಾ ಅಥವಾ ಪೂರಿಯಾ, ದೀಪ ಹಚ್ಚಿದ ಮೇಲೆ ಯಮನ್, 10ಕ್ಕೆ ಬಯಲಿನ ಕಾರ್ಯಕ್ರಮ ಬಂದ್. ಉಳಿಯುವ ಆಸಕ್ತರಿಗೆ ಸಮುದಾಯ ಭವನದ ಒಳಗೆ ಬಾಗಿಲು ಹಾಕಿಕೊಂಡು ಮೈಕ್ ಇಲ್ಲದ ಬೈಠಕ್, ಅಂದರೆ ಹತ್ತಿರ ಕೂತು ಕೇಳುವ ಚಿಕ್ಕ ಕಛೇರಿ, ಇಡಿ. ಮಾಲಕಂಸ, ದರ್ಬಾರಿಯಂಥ ತಡರಾತ್ರಿಯ ರಾಗ ಅಲ್ಲಿ ಆಗಲಿ. ಬೆಳಿಗ್ಗೆ 6ಕ್ಕೆ ಮತ್ತೆ ಬಯಲಿಗೆ ಬಂದರೆ ಇನ್ನೂ ಮಬ್ಬುಗತ್ತಲೆ ಇರುತ್ತದೆ. ನಸುಕಿನ ರಾಗ ಲಲಿತಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ಬೇಕಾ? ನಿಯಮವೂ ಪಾಲನೆಯಾಯಿತು, ಹೊತ್ತಿಗೆ ತಕ್ಕ ರಾಗವೂ ಸಿಕ್ಕಿತು.

ಧಾರವಾಡ ಜಿಲ್ಲೆಯ ಕುಂದಗೋಳದ ನಾಡಗೇರ ವಾಡೆಯ (ಹಳೇ ಕಾಲದ ದೊಡ್ಡ ಮನೆ) ಸಂಗೀತೋತ್ಸವವನ್ನೇ ನೋಡಿ. ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ (1886–1952) ನೆನಪಿನಲ್ಲಿ ನಡೆಯುವಂಥದ್ದು. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಅಂಥವರು ಹಾಡಿದ ಜಾಗ. ವಾಡೆಯೊಳಗೆ ಕಲಾವಿದರ ಹತ್ತಿರವೇ ಕೂತು ಕೇಳುವುದು. ಆ ಹತ್ತಿರ ಅನ್ನುವುದು ಬಹಳ ಮುಖ್ಯ.

ಈಗ ಜಾಗದ ಲೆಕ್ಕ. ನೆಲದ ಮೇಲೆ ಕೂರುವ ಒಬ್ಬರಿಗೆ 0.6 ಚದರ ಮೀಟರ್ ಹಿಡಿಯಿರಿ. 400 ಜನಕ್ಕೆ 240 ಚದರ ಮೀಟರ್. ಓಡಾಡಲು ದಾರಿ, ವಯಸ್ಸಾದವರಿಗೆ ಬದಿಯಲ್ಲಿ ಕುರ್ಚಿ ಸೇರಿಸಿದರೂ 20 ಮೀಟರ್ ಉದ್ದ, 20 ಮೀಟರ್ ಅಗಲ ಸಾಕು. ಅಂದರೆ ವೇದಿಕೆಯಿಂದ ಕೊನೆಯವರಿಗೆ 25 ಮೀಟರ್ ದೂರವೂ ಆಗಲ್ಲ. ಇಷ್ಟಕ್ಕೆ 40 ಅಡಿ ಸ್ಟೇಜ್ ಬೇಡವೇ ಬೇಡ. 16 ಅಡಿಗೆ 12 ಅಡಿ, ಎತ್ತರ 2 ಅಡಿ. ಜನ ಕೆಳಗೆ ಕೂತಿರುವಾಗ ವೇದಿಕೆ ಎತ್ತರ ಮಾಡಿದರೆ ಮುಂದಿನವರ ಕುತ್ತಿಗೆ ನೋಯುತ್ತದೆ ಅಷ್ಟೇ. ಹಲಗೆ ಅಲುಗಾಡಬಾರದು. ಯಾರೋ ಹತ್ತಿ ಇಳಿದರೆ ಆ ದಡದಡ ಮೈಕಿನಲ್ಲಿ ಬರುತ್ತದೆ. ಹಲಗೆ ಮೇಲೆ ದಪ್ಪ ಜಮಖಾನ ಎರಡು ಪದರ ಹಾಸಿ.

ವೇದಿಕೆ ಉತ್ತರಕ್ಕೋ ದಕ್ಷಿಣಕ್ಕೋ ಮುಖ ಮಾಡಿರಲಿ. ಪೂರ್ವ, ಪಶ್ಚಿಮ ಮಾಡಿದರೆ ಸಂಜೆ ಬಿಸಿಲು ಹಾಡುವವರ ಕಣ್ಣಿಗೋ ಕೇಳುವವರ ಕಣ್ಣಿಗೋ ಹೊಡೆಯುತ್ತದೆ. ಎದುರಿಗೆ ಶಾಲೆಯ ಗೋಡೆ ಇರಬಾರದು, ಸದ್ದು ಬಡಿದು ವಾಪಸ್ ಬರುತ್ತದೆ. ತೋಟ ಇದ್ದರೆ ತೊಂದರೆಯಿಲ್ಲ. ಹಿಂದೆ ಫ್ಲೆಕ್ಸ್ ಕಟ್ಟಬೇಡಿ, ಗಾಳಿಗೆ ಪಟಪಟ ಅನ್ನುತ್ತಲೇ ಇರುತ್ತದೆ. ಬಟ್ಟೆಯ ಪರದೆ ಅಥವಾ ಸೋಗೆ, ತೆಂಗಿನ ಗರಿ ಚೆನ್ನಾಗಿರುತ್ತದೆ.

ಮೈಕ್‌ಸೆಟ್‌ನವರು ದೊಡ್ಡ ಬಾಸ್ ಬಾಕ್ಸ್ ಸಮೇತ ಕೊಟೇಶನ್ ಕೊಡುತ್ತಾರೆ. ಹಿಂದೂಸ್ತಾನಿಯ ಖಯಾಲ್ ಶೈಲಿಯ ಗಾಯನಕ್ಕೆ ಅದು ಬೇಡ. ಎರಡು ಒಳ್ಳೆಯ 12 ಇಂಚಿನ ಬಾಕ್ಸ್ ಎತ್ತರದ ಸ್ಟ್ಯಾಂಡ್ ಮೇಲೆ, ಕಲಾವಿದರಿಗೆ ತಮ್ಮ ಸದ್ದು ತಮಗೇ ಕೇಳಲು ಎರಡು ಮಾನಿಟರ್ ಸ್ಪೀಕರ್ ಸಾಕು. ಗಾಯಕರಿಗೆ ಒಂದು, ಜೊತೆ ಹಾಡುವವರಿಗೆ ಒಂದು, ಹಾರ್ಮೋನಿಯಂಗೆ ಒಂದು, ತಬಲಾಕ್ಕೆ ಎರಡು, ತಂಬೂರಿಗಳಿಗೆ ಎರಡು ಅಂದರೆ ಒಟ್ಟು 7 ಮೈಕ್. ತಂಬೂರಿ ಮೈಕ್ ಬಿಡಬೇಡಿ. ಶ್ರೋತೃಗಳಿಗೆ ತಂಬೂರಿ ಕೇಳದಿದ್ದರೆ ಅರ್ಧ ಸಂಗೀತ ಹೋದ ಹಾಗೆ. ಕಬ್ಬಿಣದ ಹಾರ್ನ್ ಸ್ಪೀಕರ್ ಮರಕ್ಕೆ ಕಟ್ಟಿ ಊರಿಗೆಲ್ಲ ಕೇಳಿಸುವುದು ಬೇಡ. ಮುಂದೆ ಕೂತವರಿಗೆ ಒಂದು ಸಲ, ದೂರದ ಹಾರ್ನಿನಿಂದ ತಡವಾಗಿ ಇನ್ನೊಂದು ಸಲ ಕೇಳುತ್ತದೆ. ಸದ್ದು 34 ಮೀಟರ್ ಸಾಗಲು ಸೆಕೆಂಡಿನ ಹತ್ತನೇ ಒಂದು ಭಾಗ ಹಿಡಿಯುತ್ತದೆ. ವೇಗದ ಸ್ವರಗಳ ತಾನ್ ಗಲಿಬಿಲಿಯಾಗಲು ಅಷ್ಟು ಸಾಕು. ಧ್ವನಿ ಪರೀಕ್ಷೆಗೆ ಪ್ರತಿ ಕಲಾವಿದರಿಗೂ ಅರ್ಧ ಗಂಟೆ ಮೊದಲೇ ಎತ್ತಿಡಿ. ಅದನ್ನು ಜನ ಬಂದು ಕೂತ ಮೇಲೆ ಮಾಡುವಂತಾಗಬಾರದು.

ಜನರೇಟರ್ ಬಗ್ಗೆ ಹೆಚ್ಚು ಹೇಳಬೇಕು. ನಿಶ್ಶಬ್ದ ಹಾಳಾಗುವುದು ಜಾಸ್ತಿ ಅಲ್ಲಿಂದಲೇ. ಸದ್ದಿನ ಸೆಟ್‌ಗೆ 2 ಕಿಲೋವ್ಯಾಟ್, ಎಲ್‌ಇಡಿ ದೀಪಗಳಿಗೆ ಒಂದೂವರೆ, ದಾರಿದೀಪ ಮತ್ತು ಅಡುಗೆ ಕಡೆಗೆ ಒಂದೂವರೆ. ಒಟ್ಟು 5. 15 ಕೆವಿಎ ಜನರೇಟರ್ ಸುಮಾರು 12 ಕಿಲೋವ್ಯಾಟ್ ಕೊಡುತ್ತದೆ, ಧಾರಾಳ. 62 ಕೆವಿಎ ತರಿಸಿ ಸುಮ್ನೆ ಡೀಸೆಲ್ ಸುಡಬೇಡಿ. ಹೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ತೆಗೆದುಕೊಂಡು ಜನರೇಟರನ್ನು ಕರೆಂಟ್ ಹೋದಾಗಿನ ಆಸರೆಗೆ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

ಸೈಲೆಂಟ್ ಜನರೇಟರಿಗೂ 1 ಮೀಟರ್ ದೂರದಲ್ಲಿ 75 ಡೆಸಿಬಲ್ ಮಿತಿ ಇದೆ. ಬಯಲಲ್ಲಿ ದೂರ ದುಪ್ಪಟ್ಟಾದ ಹಾಗೆ ಸದ್ದು 6 ಡೆಸಿಬಲ್ ಇಳಿಯುತ್ತದೆ. 64 ಮೀಟರ್ ಆಚೆ ಇಟ್ಟರೆ ಲೆಕ್ಕಕ್ಕೆ 40ರ ಆಸುಪಾಸು ಬರುತ್ತದೆ. ನಡುವೆ ದರೆಯೋ ಹುಲ್ಲಿನ ಬಣವೆಯೋ ಇದ್ದರೆ ಇನ್ನೂ ಕಡಿಮೆ. ಆದರೆ ಬಣವೆಗೆ ತಾಗಿಸಿ ಇಡಬೇಡಿ, ಹೊಗೆಕೊಳವೆ ಬಿಸಿ ಇರುತ್ತದೆ. ದೂರ ಇಟ್ಟಾಗ ಕೇಬಲ್ ತೆಳ್ಳಗಿರಬಾರದು. 80 ಮೀಟರ್ ಉದ್ದಕ್ಕೆ ಎರಡೂವರೆ ಚದರ ಮಿಲಿಮೀಟರ್ ತಾಮ್ರದ ತಂತಿ ಹಾಕಿ 15 ಆಂಪಿಯರ್ ಎಳೆದರೆ 18 ವೋಲ್ಟಿನಷ್ಟು ಇಳಿಯುತ್ತದೆ. 6 ಚದರ ಮಿಲಿಮೀಟರ್ ಹಾಕಿದರೆ 7–8 ವೋಲ್ಟ್ ಮಾತ್ರ. ಸದ್ದಿಗೂ ದೀಪಕ್ಕೂ ಬೇರೆ ಬೇರೆ ಲೈನ್ ಎಳೆಸಿ, ಇಲ್ಲವಾದರೆ ದೀಪದ ಡಿಮ್ಮರ್ ಗುಂಯ್‌ಗುಡುವುದು ಸ್ಪೀಕರಿನಲ್ಲಿ ಕೇಳುತ್ತದೆ. ಅರ್ಥಿಂಗ್ ಸರಿಯಾಗಿ ಮಾಡಿಸಿ, ಕರೆಂಟ್ ಸೋರಿದರೆ ತಾನಾಗಿ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ ಹಾಕಿಸಿ. ಇಬ್ಬನಿಗೆ ನೆಲ ಒದ್ದೆಯಾಗುತ್ತದೆ, ಮಕ್ಕಳು ಬರಿಗಾಲಲ್ಲಿ ಓಡಾಡುತ್ತಾರೆ. ಇಲ್ಲಿ ಮಾತ್ರ ಒಂದು ರೂಪಾಯಿಯೂ ಉಳಿಸಲು ಹೋಗಬೇಡಿ.

ಇಬ್ಬನಿಯ ಮಾತು ಬಂತು. ನಮ್ಮ ಕಡೆ ಫೆಬ್ರವರಿಯಲ್ಲೂ ಬೀಳುತ್ತದೆ. ತಬಲಾದ ಚರ್ಮ ತೇವಕ್ಕೆ ಸಡಿಲಾಗಿ ಶ್ರುತಿ ಇಳಿಯುತ್ತದೆ. ತಂಬೂರಿಯ ತಂತಿ ಚಳಿಗೆ ಬಿಗಿದು ಶ್ರುತಿ ಏರುತ್ತದೆ. ಎರಡೂ ಒಂದಕ್ಕೊಂದು ವಿರುದ್ಧ, ಕಲಾವಿದರು ಪ್ರತಿ ರಾಗದ ನಡುವೆ ಶ್ರುತಿ ಮಾಡಬೇಕಾಗುತ್ತದೆ. ಹಾಗಾಗಿ ವೇದಿಕೆಗೆ ಮೇಲ್ಚಾವಣಿ ಬೇಕೇ ಬೇಕು. ಬರೀ ತಾಡಪಾಲಿನಿಂದ ನೀರು ತೊಟ್ಟಿಕ್ಕುತ್ತದೆ, ಅದರ ಕೆಳಗೆ ಬಟ್ಟೆ ಕಟ್ಟಿ. ಜನರ ಮೇಲೂ ಚಪ್ಪರ ಇದ್ದರೆ ಶಾಲು ಹೊದ್ದು 10ರವರೆಗೆ ಆರಾಮಾಗಿ ಕೂರುತ್ತಾರೆ. ವಾದ್ಯಗಳಿಗೆ ಹತ್ತಿರದ ಮನೆಯಲ್ಲಿ ಒಂದು ಬೆಚ್ಚನೆಯ ಕೋಣೆ ಕೊಡಿ. ಕಲಾವಿದರು ಶ್ರುತಿ ಮಾಡುವಾಗ ಅಲ್ಲಿ ಸೆಲ್ಫಿಗೆ ಯಾರೂ ನುಗ್ಗದ ಹಾಗೆ ನೋಡಿಕೊಳ್ಳಿ.

ಹುಳುಗಳ ಕಾಟ ಬಯಲಲ್ಲಿ ದೊಡ್ಡದು. ಬಾಯಿ ತೆರೆದು ‘ಆ’ ಅಂತ ಆಕಾರದಲ್ಲಿ ಹಾಡುವವರ ಗಂಟಲಿಗೆ ಹುಳ ಹೋದರೆ ಆ ಕಛೇರಿ ಅಲ್ಲಿಗೆ ಮುಗಿಯಿತು. ವೇದಿಕೆಗೆ ಹಳದಿ ಬೆಳಕು, ಅದೂ ಮಂದವಾಗಿ ಇಡಿ. ದೂರದಲ್ಲಿ, ಜನರಿಲ್ಲದ ಕಡೆ ಒಂದು ಪ್ರಖರ ಬಿಳಿ ದೀಪ ಹಾಕಿ. ಹುಳ ಅತ್ತ ಹೋಗುತ್ತದೆ.

ಗದ್ದೆಯ ಕೂಳೆ ಕಾಲಿಗೆ ಚುಚ್ಚುತ್ತದೆ. ಹದಿನೈದು ದಿನ ಮೊದಲೇ ಸವರಿಸಿ, ಹುಲ್ಲು ಹರಡಿ, ಮೇಲೆ ತಾಡಪಾಲು, ಅದರ ಮೇಲೆ ಜಮಖಾನ. ಕಾರುಗಳನ್ನು ಒಣ ಕೂಳೆ ಇರುವ ಗದ್ದೆಗೆ ಬಿಡಬೇಡಿ. ಸೈಲೆನ್ಸರ್ ಬಿಸಿಗೆ ಬೆಂಕಿ ಹತ್ತುತ್ತದೆ. ರಸ್ತೆ ಪಕ್ಕದ ಬೇಣದಲ್ಲಿ (ಹುಲ್ಲುಗಾವಲಲ್ಲಿ) ನಿಲ್ಲಿಸಿ ಜನ ನಡೆದು ಬರಲಿ, ಗಾಡಿಗಳ ಸದ್ದೂ ದೂರ ಉಳಿಯುತ್ತದೆ. ನೀರಿನ ಡ್ರಮ್, ಮರಳಿನ ಬಕೆಟ್ ಎರಡೂ ಕಡೆ ಇರಲಿ. ಅಡುಗೆ ಒಲೆ, ಪಾತ್ರೆ ತೊಳೆಯುವ ಜಾಗ ಕೂಡ ದೂರ. ಊಟಕ್ಕೆ ಅಡಿಕೆ ಹಾಳೆಯ ತಟ್ಟೆ, ನಡುನಡುವೆ ಕಷಾಯ. ಊಟಕ್ಕೆಂದೇ ಒಂದು ಬಿಡುವು ಕೊಡಿ, ಸಂಗೀತ ನಡೆಯುವಾಗ ಬಡಿಸುವುದು ಬೇಡ. ಹೆಂಗಸರಿಗೆ ಕಡಿಮೆಯೆಂದರೂ ನಾಲ್ಕು ಶೌಚಾಲಯ, ಅಲ್ಲಿಗೆ ಹೋಗುವ ದಾರಿಗೆ ಬೆಳಕು, ನೀರು. ಇದಿಲ್ಲದಿದ್ದರೆ ಅವರು ಅರ್ಧಕ್ಕೇ ಎದ್ದು ಹೋಗುತ್ತಾರೆ. ಅದು ಅವರ ತಪ್ಪಲ್ಲ.

ದಿನಾಂಕ ಫೆಬ್ರವರಿ ಎರಡನೇ ಅರ್ಧದಲ್ಲಿ, ಆದರೆ ಹುಣ್ಣಿಮೆ ಹತ್ತಿರ ನೋಡಿ. ಅದಕ್ಕೂ ಮೊದಲಾದರೆ ಎಲ್ಲ ಮನೆಗಳಲ್ಲೂ ಅಡಿಕೆ ಕೆಲಸ ಇರುತ್ತದೆ. ಮಾರ್ಚ್ ಬಂದರೆ ಮಕ್ಕಳ ಪರೀಕ್ಷೆ. ಆ ವಾರ ಹತ್ತಿರದಲ್ಲಿ ಯಕ್ಷಗಾನ ಇದೆಯಾ ಅಂತಲೂ ವಿಚಾರಿಸಿ. ಪೊಲೀಸ್ ಠಾಣೆ, ಪಂಚಾಯಿತಿ, ಹೆಸ್ಕಾಂ ಮೂರೂ ಕಡೆ ಕನಿಷ್ಠ ಮೂರು ವಾರ ಮೊದಲು ಲಿಖಿತ ಅರ್ಜಿ ಕೊಡಿ. ಗದ್ದೆಯವರ ಒಪ್ಪಿಗೆ ಪತ್ರವೂ ಇರಲಿ.

ಸಭಾ ಕಾರ್ಯಕ್ರಮ, ಸನ್ಮಾನ ಎಲ್ಲ ಸೇರಿ 20 ನಿಮಿಷ, ಅದೂ ಶುರುವಿನಲ್ಲೇ. ನಡುವೆ ಭಾಷಣ ಇಟ್ಟರೆ ಕಾದು ಕೂತ ಕಲಾವಿದರ ಸಮಯ ಹೋಗುತ್ತದೆ, 10ರ ಗಡಿಯೂ ಇದೆ. ಸಂಭಾವನೆ ಲಕೋಟೆ ಹಾಡು ಮುಗಿದ ಕೂಡಲೇ ಕೈಗೆ ಕೊಡಿ. ತಂಬೂರಿ ಮೀಟುವ ಹುಡುಗ ಹುಡುಗಿಯರಿಗೂ ಕೊಡಿ.

ಮಾರನೇ ದಿನದ ಕೆಲಸಕ್ಕೆ ಈಗಲೇ ಹೆಸರು ಬರೆದುಕೊಳ್ಳಿ. ಚಪ್ಪರ ಬಿಚ್ಚುವಾಗ ಮೊಳೆ, ತಂತಿ ಚೂರು ಗದ್ದೆಯಲ್ಲಿ ಬೀಳುತ್ತದೆ. ದನಗಳ ಗೊರಸಿಗೆ, ಮುಂದೆ ನೆಟ್ಟಿ ಮಾಡುವವರ ಕಾಲಿಗೆ ಚುಚ್ಚುತ್ತದೆ. ಹಳೆಯ ಸ್ಪೀಕರಿನ ಆಯಸ್ಕಾಂತಕ್ಕೆ ಹಗ್ಗ ಕಟ್ಟಿ ಎಳೆದರೆ ಹೆಚ್ಚಿನದೆಲ್ಲ ಅಂಟಿಕೊಂಡು ಬರುತ್ತದೆ. ಗದ್ದೆ ಕೊಟ್ಟವರು ಮುಂದಿನ ವರ್ಷವೂ ಕೊಡಬೇಕಲ್ವಾ.

ಮೈಕ್‌ಸೆಟ್ ಮತ್ತು ಜನರೇಟರಿನವರ ಕೊಟೇಶನ್ ಬಂದ ಮೇಲೆ ಇಲ್ಲೇ ಹಾಕಿ. ಯಾವುದು ಬೇಕು, ಯಾವುದು ಬೇಡ ಅಂತ ಒಂದೊಂದೇ ಸಾಲು ನೋಡಿ ಹೇಳುತ್ತೇನೆ. ಗದ್ದೆಯ ಒಂದು ಫೋಟೋ, ಉತ್ತರ ದಿಕ್ಕು ಗುರುತು ಮಾಡಿ ಕಳಿಸಿದರೆ ವೇದಿಕೆ, ಜನರೇಟರ್, ದಾರಿ ಎಲ್ಲಿ ಅಂತ ಚಿತ್ರ ಬಿಡಿಸಿ ಕೊಡುತ್ತೇನೆ.